78 ಸಾವಿರ ಸಬ್ಸಿಡಿ ನಿಜ, ಆದರೆ ನಿಮ್ಮ ಮನೆಗೆ ಸೋಲಾರ್ ಬೇಕಾ? ಬೆಳಗಾವಿಗೊಂದು ಲೆಕ್ಕ, ಖಾನಾಪುರಕ್ಕೊಂದು ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲಿ ಕೂತವರಿಗೆ, ಉದ್ಯಮಬಾಗದಲ್ಲಿ ಶಿಫ್ಟ್ ಮುಗಿಸಿ ಮನೆಗೆ ಹೊರಟವರಿಗೆ, ಹಾಸ್ಟೆಲ್‌ನಲ್ಲಿ ಮಲಗಿಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಶುರುವಾಗಿದ್ದು ನಮ್ಮ ಅಪ್ಪನ ವಾಟ್ಸಾಪ್‌ನಿಂದ. ಹೋದ ತಿಂಗಳು ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಫೋನ್ ಮುಂದೆ ಹಿಡಿದರು. "ತಮ್ಮಾ, ಇದನ್ನೊಂದಿಷ್ಟು ನೋಡಪಾ. ಸರ್ಕಾರದವರು 78 ಸಾವಿರ ಕೊಡಾಕತ್ತಾರಂತ. ಕರೆಂಟ್ ಬಿಲ್ ಜೀರೋ ಆಗತೈತಂತ. ನಾವೂ ಹಾಕ್ಸೂಣೇನು?"

ನಾನು ಫೋನ್ ನೋಡುವ ಮೊದಲೇ ಅವ್ವ ಅಡುಗೆಮನೆಯಿಂದ ಹೇಳಿದಳು: "ನಮ್ದು ಈಗೂ ಜೀರೋ ಬರತೈತಲ್ರೀ?"

ಅಪ್ಪ ಸುಮ್ಮನಾದರು. ನಾನೂ ಸುಮ್ಮನಾದೆ. ಈ ಇಡೀ ಸಂಚಿಕೆ ಅವ್ವನ ಆ ಒಂದು ಪ್ರಶ್ನೆಗೆ ಉತ್ತರ ಅಂತ ತಿಳ್ಕೊಳ್ಳಿ.

ಯಾಕಂದರೆ ಸೋಲಾರ್ ಬಗ್ಗೆ ಯೂಟ್ಯೂಬ್‌ನಲ್ಲಿ ಸಿಗುವ ವಿಡಿಯೊಗಳಲ್ಲಿ ಬಹಳಷ್ಟು ಗುಜರಾತ್, ಮಹಾರಾಷ್ಟ್ರ, ಉತ್ತರ ಪ್ರದೇಶದ ಬಿಲ್ ಇಟ್ಟುಕೊಂಡು ಲೆಕ್ಕ ಹೇಳ್ತಾವೆ. ಬೆಳಗಾವಿಯಲ್ಲಿ ಕೂತ ನಮಗೆ ಆ ಲೆಕ್ಕ ಹಾಗೇ ಹೊಂದಲ್ಲ. ಇಲ್ಲಿಂದ ಬರೀ 25 ಕಿಲೋಮೀಟರ್ ದೂರದ ಖಾನಾಪುರಕ್ಕೆ ಹೋದರೆ ಲೆಕ್ಕ ಮತ್ತೊಮ್ಮೆ ಬದಲಾಗುತ್ತೆ. ಹಂಗಾಗಿ ಇವತ್ತು ನಮ್ಮ ಹೆಸ್ಕಾಂ ಬಿಲ್ ಇಟ್ಟುಕೊಂಡೇ ಮಾತಾಡೋಣ.

ಮೊದಲು, ಯಾವ ಸೋಲಾರ್?

ನಮ್ಮ ಕಡೆ "ಅವರ ಮನೀಗೆ ಸೋಲಾರ್ ಐತಿ" ಅಂದರೆ ಹೆಚ್ಚಿನವರು ತಿಳ್ಕೊಳ್ಳೋದು ಬಿಸಿನೀರಿನ ಸೋಲಾರ್. ಟೆರೇಸ್ ಮೇಲೆ ಗಾಜಿನ ಕೊಳವೆ, ಅದರ ತಲೆ ಮೇಲೆ ಒಂದು ಟ್ಯಾಂಕ್. ಅದು ಕರೆಂಟ್ ಮಾಡಲ್ಲ, ನೀರು ಕಾಯಿಸುತ್ತೆ ಅಷ್ಟೇ.

ಎರಡನೆಯದು ಆನ್-ಗ್ರಿಡ್. ಪ್ಯಾನಲ್ ಕರೆಂಟ್ ಮಾಡುತ್ತೆ, ಮನೆ ಅದನ್ನು ಬಳಸುತ್ತೆ, ಉಳಿದಿದ್ದು ಹೆಸ್ಕಾಂ ಲೈನಿಗೆ ಹೋಗುತ್ತೆ. ರಾತ್ರಿ ಮತ್ತೆ ಲೈನಿನಿಂದ ಕರೆಂಟ್ ತಗೋತೀವಿ. ಹೋದದ್ದು ಬಂದದ್ದು ಎರಡನ್ನೂ ಎಣಿಸೋ ಮೀಟರ್‌ಗೆ ನೆಟ್ ಮೀಟರ್ ಅಂತಾರೆ. ಇದರಲ್ಲಿ ಬ್ಯಾಟರಿ ಇರಲ್ಲ.

ಮೂರನೆಯದು ಬ್ಯಾಟರಿ ಇರೋದು. ಲೈನಿಗೆ ಸಂಬಂಧವೇ ಇಲ್ಲದಿದ್ದರೆ ಆಫ್-ಗ್ರಿಡ್. ಲೈನೂ ಇದೆ, ಬ್ಯಾಟರಿಯೂ ಇದೆ ಅಂದರೆ ಹೈಬ್ರಿಡ್.

ಈ ಮೂರರ ವ್ಯತ್ಯಾಸ ತಲೆಯಲ್ಲಿ ಇಟ್ಟುಕೊಳ್ಳಿ. ಖಾನಾಪುರದ ಕಥೆ ಬಂದಾಗ ಇದೇ ಮುಖ್ಯ ಆಗುತ್ತೆ.

78 ಸಾವಿರ ಎಲ್ಲಿಂದ ಬಂತು?

ಅಪ್ಪನ ಮೆಸೇಜ್‌ನಲ್ಲಿ ಇದ್ದದ್ದು ಸುಳ್ಳಲ್ಲ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಮುಫ್ತ್ ಬಿಜ್ಲಿ ಯೋಜನೆ ಶುರು ಮಾಡಿತು. ಗುರಿ 1 ಕೋಟಿ ಮನೆ, ಇಟ್ಟ ಹಣ 75,021 ಕೋಟಿ ರೂಪಾಯಿ, ಅವಧಿ 2026-27ರ ಆರ್ಥಿಕ ವರ್ಷದವರೆಗೆ.

ಸಬ್ಸಿಡಿ ಹೀಗಿದೆ. 1 ಕಿಲೋವ್ಯಾಟ್ ಹಾಕಿಸಿದರೆ 30 ಸಾವಿರ. 2 ಕಿಲೋವ್ಯಾಟ್‌ಗೆ 60 ಸಾವಿರ. 3 ಕಿಲೋವ್ಯಾಟ್‌ಗೆ 78 ಸಾವಿರ. 3ರ ಮೇಲೆ ನೀವು 5 ಹಾಕಿಸಿ, 10 ಹಾಕಿಸಿ, ಸಬ್ಸಿಡಿ 78 ಸಾವಿರವೇ. ಅಪಾರ್ಟ್‌ಮೆಂಟ್‌ನವರು ಲಿಫ್ಟ್, ನೀರಿನ ಪಂಪ್, ಮೆಟ್ಟಿಲ ದೀಪದಂಥ ಸಾಮಾನ್ಯ ಬಳಕೆಗೆ ಸೇರಿ ಹಾಕಿಸಿಕೊಂಡರೆ ಕಿಲೋವ್ಯಾಟ್‌ಗೆ 18 ಸಾವಿರ.

ಇಲ್ಲಿ ಎರಡು ಮಾತು ಕಿವಿಯಲ್ಲಿ ಇರಲಿ. ಒಂದು, ಈ ಹಣ ಮುಂಗಡ ಬರಲ್ಲ. ಪ್ಯಾನಲ್ ಹಾಕಿ, ಹೆಸ್ಕಾಂನವರು ಬಂದು ನೋಡಿ, ನೆಟ್ ಮೀಟರ್ ಕೂಡಿಸಿ, ಪೋರ್ಟಲ್‌ನಲ್ಲಿ ಎಲ್ಲ ಮುಗಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತೆ. ಅಲ್ಲಿವರೆಗೆ ದುಡ್ಡು ನಿಮ್ಮದು, ಇಲ್ಲಾ ಸಾಲದ್ದು. ಎರಡು, ಪ್ಯಾನಲ್ ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಇದಕ್ಕೆ ಡಿಸಿಆರ್ ಪ್ಯಾನಲ್ ಅಂತಾರೆ. "ಸರ್, ಇದು ನಾನ್-ಡಿಸಿಆರ್, ಆದ್ರ ರೇಟ್ ಕಡಿಮಿ ಐತಿ" ಅಂತ ಯಾರಾದರೂ ಅಂದರೆ, ಅದಕ್ಕೆ ಸಬ್ಸಿಡಿ ಇಲ್ಲ ಅಂತ ಅರ್ಥ.

ಇನ್ನು ಖರ್ಚು. 3 ಕಿಲೋವ್ಯಾಟ್ ಅಂದರೆ ಈಗಿನ 540 ವ್ಯಾಟ್‌ನ 6 ಪ್ಯಾನಲ್. ಸುಮಾರು 300 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಪ್ಯಾನಲ್, ಇನ್ವರ್ಟರ್, ಕಬ್ಬಿಣದ ಸ್ಟ್ಯಾಂಡ್, ವೈರ್, ಅರ್ಥಿಂಗ್, ಕೂಲಿ ಎಲ್ಲ ಸೇರಿ ಸಬ್ಸಿಡಿಗೆ ಮುಂಚೆ ಒಂದು ಮುಕ್ಕಾಲು ಲಕ್ಷದಿಂದ 2 ಲಕ್ಷದ ಆಸುಪಾಸು ಬರುತ್ತೆ. ಸ್ಟ್ಯಾಂಡ್ ಎತ್ತರ ಮಾಡಿಸಿದರೆ ಇನ್ನೂ ಹೆಚ್ಚು. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೇ ಕೊಟೇಶನ್ ಹಿಡ್ಕೊಂಡು ಕೂತಿದ್ದರೆ ಹೊಸದು ಕೇಳಿ.

ನಮ್ಮ ಲೆಕ್ಕಕ್ಕೆ 1 ಲಕ್ಷ 80 ಸಾವಿರ ಇಟ್ಟುಕೊಳ್ಳೋಣ. 78 ಸಾವಿರ ಕಳೆದರೆ ಕೈಯಿಂದ ಹೋಗೋದು 1 ಲಕ್ಷ 2 ಸಾವಿರ.

ಈಗ ಬಿಲ್ ತೆಗೀರಿ

ನಮ್ಮ ಭಾಗದಲ್ಲಿ 1 ಕಿಲೋವ್ಯಾಟ್ ಪ್ಯಾನಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ. ಮಾರ್ಚ್, ಏಪ್ರಿಲ್‌ನಲ್ಲಿ ಹೆಚ್ಚು. ಜುಲೈ, ಆಗಸ್ಟ್‌ನಲ್ಲಿ ಬಹಳ ಕಡಿಮೆ. 3 ಕಿಲೋವ್ಯಾಟ್ ಅಂದರೆ ದಿನಕ್ಕೆ 12, ತಿಂಗಳಿಗೆ ಸರಾಸರಿ 350 ಯೂನಿಟ್ ಅಂತ ಹಿಡೀರಿ.

ಈ 350 ಯೂನಿಟ್‌ನ ಬೆಲೆ ಎಷ್ಟು? ಕರ್ನಾಟಕದಲ್ಲಿ ಮೊದಲು ಮನೆ ಬಿಲ್‌ಗೆ ಸ್ಲ್ಯಾಬ್ ಇತ್ತು. 100 ಯೂನಿಟ್ ದಾಟಿದವರಿಗೆ ಯೂನಿಟ್‌ಗೆ 7 ರೂಪಾಯಿ. 2024ರ ಏಪ್ರಿಲ್‌ನಿಂದ ಕೆಇಆರ್‌ಸಿ ಸ್ಲ್ಯಾಬ್ ತೆಗೆದು ಎಲ್ಲರಿಗೂ 5 ರೂಪಾಯಿ 90 ಪೈಸೆ ಮಾಡಿತು. 2025ರ ಏಪ್ರಿಲ್‌ನಿಂದ ಅದು 5 ರೂಪಾಯಿ 80 ಪೈಸೆ ಆಯ್ತು. ಆದರೆ ಅದರ ಜೊತೆಗೆ ಎರಡು ಏರಿದವು. ಪಿಂಚಣಿ, ಗ್ರಾಚ್ಯುಟಿ ಹೆಸರಲ್ಲಿ ಯೂನಿಟ್‌ಗೆ 36 ಪೈಸೆ ಸೇರಿತು. ನಿಗದಿತ ಶುಲ್ಕ, ಅಂದರೆ ಫಿಕ್ಸ್ಡ್ ಚಾರ್ಜ್, ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿ ಆಯ್ತು. ಇದರ ಮೇಲೆ ಶೇಕಡಾ 9 ವಿದ್ಯುತ್ ತೆರಿಗೆ. ನಾನು ಈಗ ಹಾಕೋ ಲೆಕ್ಕ ಈ ದರದ್ದು. ನಿಮ್ಮ ಇತ್ತೀಚಿನ ಬಿಲ್‌ನಲ್ಲಿ ಅಂಕಿ ಸ್ವಲ್ಪ ಆಚೀಚೆ ಇದ್ದರೆ ಅದನ್ನೇ ಹಾಕ್ಕೊಳ್ಳಿ.

ತಿಳಕವಾಡಿಯಲ್ಲಿ ಒಂದು ಮನೆ ಅಂದ್ಕೊಳ್ಳಿ. ಒಂದು ಎಸಿ, ಎರಡು ಗೀಸರ್, ಫ್ರಿಡ್ಜ್, ವಾಷಿಂಗ್ ಮಷಿನ್. ತಿಂಗಳಿಗೆ 350 ಯೂನಿಟ್. ಯೂನಿಟ್ ದರ 2,030 ರೂಪಾಯಿ. ಪಿಂಚಣಿದ್ದು 126. ತೆರಿಗೆ 183 ರೂಪಾಯಿ. ಸೇರಿ ಸುಮಾರು 2,340. ಇದರ ಮೇಲೆ 3 ಕಿಲೋವ್ಯಾಟ್ ಲೋಡ್‌ಗೆ ಫಿಕ್ಸ್ಡ್ ಚಾರ್ಜ್ 435. ಒಟ್ಟು 2,775ರ ಹತ್ತಿರ.

ಈ ಮನೆ 3 ಕಿಲೋವ್ಯಾಟ್ ಹಾಕಿಸಿದರೆ ಆ 2,340 ಬಹುತೇಕ ಹೋಗುತ್ತೆ. 435 ಹೋಗಲ್ಲ. ಫಿಕ್ಸ್ಡ್ ಚಾರ್ಜ್ ಸೂರ್ಯ ಬಂದರೂ ಕಟ್ಟಬೇಕು, ಬರದಿದ್ದರೂ ಕಟ್ಟಬೇಕು. "ಬಿಲ್ ಪೂರ್ತಿ ಜೀರೋ" ಅನ್ನೋ ಜಾಹೀರಾತು ಇಲ್ಲೇ ಸ್ವಲ್ಪ ಜಾರುತ್ತೆ.

ವರ್ಷಕ್ಕೆ ಕಾಗದದ ಮೇಲೆ 28 ಸಾವಿರ ಉಳಿತಾಯ. ಆದರೆ ಬೇಸಿಗೆಯಲ್ಲಿ ನಿಮ್ಮ ಬಳಕೆಗಿಂತ ಹೆಚ್ಚು ಬಂದ ಯೂನಿಟ್‌ಗೆ ಕೆಇಆರ್‌ಸಿ ಗೊತ್ತುಮಾಡಿದ ಬೇರೆ ದರ ಸಿಗುತ್ತೆ. ಅದು ನೀವು ಕೊಡುವ ದರಕ್ಕಿಂತ ಕಡಿಮೆ. ಮಳೆಗಾಲದಲ್ಲಿ ನೀವು ಕೊಂಡುಕೊಳ್ಳೋದು ಪೂರ್ತಿ ದರಕ್ಕೆ. ಹಾಗಾಗಿ 25 ಸಾವಿರ ಅಂತ ಹಿಡಿಯೋದು ಒಳ್ಳೇದು. ಹಾಕಿದ 1 ಲಕ್ಷ 2 ಸಾವಿರ ನಾಲ್ಕು ವರ್ಷದ ಸುಮಾರಿಗೆ ವಾಪಸ್ ಬರುತ್ತೆ. ಪ್ಯಾನಲ್‌ಗೆ 25 ವರ್ಷದ ಉತ್ಪಾದನಾ ವಾರಂಟಿ ಇರುತ್ತೆ. ನಡುವೆ ಒಂದು ಸಲ ಇನ್ವರ್ಟರ್ ಬದಲಿಸೋ ಖರ್ಚು ಬರಬಹುದು. ಅದನ್ನು ಹಿಡಿದರೂ ಈ ಮನೆಗೆ ಇದು ಲಾಭದ ವ್ಯವಹಾರ.

ಸಾಲ ಮಾಡಿದರೂ ಲೆಕ್ಕ ಹೊಂದುತ್ತೆ. ಸಾರ್ವಜನಿಕ ವಲಯದ ಬ್ಯಾಂಕ್‌ಗಳು 3 ಕಿಲೋವ್ಯಾಟ್‌ವರೆಗೆ ಅಡಮಾನ ಇಲ್ಲದೆ, ಸುಮಾರು ಶೇಕಡಾ 6ರಿಂದ 7ರ ಬಡ್ಡಿಗೆ ಸಾಲ ಕೊಡ್ತಾವೆ. 1 ಲಕ್ಷಕ್ಕೆ 5 ವರ್ಷದ ಇಎಂಐ 2,000ದ ಹತ್ತಿರ. ತಿಂಗಳ ಉಳಿತಾಯವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಬಿಲ್ ಕಟ್ಟೋ ಜಾಗದಲ್ಲಿ ಕಂತು ಕಟ್ಟಿ, 5 ವರ್ಷದ ನಂತರ ಅದೂ ಇಲ್ಲ.

ಅವ್ವನ ಪ್ರಶ್ನೆ

ಇಷ್ಟು ಕೇಳಿ "ಹಂಗಾರ ಹಾಕ್ಸಿಬಿಡೂಣು" ಅನ್ನಬೇಡ್ರಿ. ಆ ಮನೆ ತಿಂಗಳಿಗೆ 350 ಯೂನಿಟ್ ಸುಡುವ ಮನೆ. ನಿಮ್ಮ ಮನೆ ಎಷ್ಟು?

2023ರ ಆಗಸ್ಟ್‌ನಿಂದ ನಮ್ಮಲ್ಲಿ ಗೃಹಜ್ಯೋತಿ ಜಾರಿಯಲ್ಲಿದೆ. "200 ಯೂನಿಟ್ ಫ್ರೀ" ಅಂತ ಎಲ್ಲರೂ ಅಂತೀವಿ, ಆದರೆ ನಿಯಮ ಪೂರ್ತಿ ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡಾ 10 ಸೇರಿಸಿ ಬರೋದು ನಿಮ್ಮ ಅರ್ಹ ಯೂನಿಟ್. ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸಿದರು. ಹಳೇ ದಾಖಲೆಯೇ ಇಲ್ಲದ ಹೊಸ ಮನೆಗೆ ಸಿಕ್ಕಿದ್ದು 58 ಯೂನಿಟ್. ಅರ್ಹತೆ ದಾಟಿ, 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದಿರೋ, ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ಈಗ ಮೂರು ಮನೆ ನೋಡೋಣ.

ಮೊದಲನೇದು ವಡಗಾವಿಯ ಒಂದು ಮನೆ. ಅರ್ಹತೆ 120, ಬಳಕೆ 110. ಬಿಲ್ ಜೀರೋ. ಈ ಮನೆಯವರು ಸಬ್ಸಿಡಿ ಕಳೆದ ಮೇಲೂ ಲಕ್ಷ ರೂಪಾಯಿ ಹಾಕಿ ಪ್ಯಾನಲ್ ಕೂಡಿಸಿದರೆ ಇವತ್ತು ಉಳಿಯೋದು ಏನು? ಏನೂ ಇಲ್ಲ. ಹೆಚ್ಚುವರಿ ಕರೆಂಟ್ ಮಾರಿ ಒಂದಿಷ್ಟು ಬರಬಹುದು, ಅಷ್ಟಕ್ಕೆ ಸಾಲ ಮಾಡೋದು ಬೇಡ. ನಮ್ಮ ಮನೆಯೂ ಇದೇ ಗುಂಪಿನದ್ದು. ಅವ್ವ ಸರಿ, ಅಪ್ಪನ ಮೆಸೇಜೂ ಸರಿ, ಆದರೆ ಆ ಮೆಸೇಜ್ ನಮಗೆ ಬರೆದದ್ದಲ್ಲ.

ಎರಡನೇ ಮನೆ ನಡುವಿನದು. ಅರ್ಹತೆ 190, ಬಳಕೆ 240. 200 ದಾಟಿದ್ದರಿಂದ ಪೂರ್ತಿ ಬಿಲ್. ಯೂನಿಟ್ ದರ, ಪಿಂಚಣಿ, ತೆರಿಗೆ, 2 ಕಿಲೋವ್ಯಾಟ್‌ನ ಫಿಕ್ಸ್ಡ್ ಚಾರ್ಜ್ ಸೇರಿ 1,890 ರೂಪಾಯಿ ಸುಮಾರು. ಇವರು ಮಾಡಬೇಕಾದ ಮೊದಲ ಕೆಲಸ ಪ್ಯಾನಲ್ ಅಲ್ಲ, ಗೀಸರ್ ನೋಡೋದು. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ತಾಸು ಓಡಿದರೆ ತಿಂಗಳಿಗೆ 60 ಯೂನಿಟ್. ಅದರ ಬದಲು ಬಿಸಿನೀರಿನ ಸೋಲಾರ್ ಹಾಕಿದರೆ 240 ಇದ್ದದ್ದು 180ಕ್ಕೆ ಇಳಿಯುತ್ತೆ, ಬಿಲ್ ಜೀರೋ ಆಗುತ್ತೆ. ಮಳೆಗಾಲದಲ್ಲಿ ಗೀಸರ್ ಮತ್ತೆ ಬೇಕಾಗುತ್ತೆ ಅನ್ನೋರು ಫ್ಯಾನ್ ನೋಡಿ. ಹಳೇ ಫ್ಯಾನ್ 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನ್ 28 ವ್ಯಾಟ್ ಸುಮಾರು. ನಾಲ್ಕು ಫ್ಯಾನ್ ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 65 ಯೂನಿಟ್‌ಗಿಂತ ಹೆಚ್ಚು ಉಳಿತಾಯ. ಲಕ್ಷದ ಕೆಲಸ ಕೆಲವು ಸಾವಿರದಲ್ಲಿ ಮುಗೀತು.

ಮೂರನೇದು ಆಗಲೇ ಹೇಳಿದ 350 ಯೂನಿಟ್ ಮನೆ. ಮನೆಯಲ್ಲಿ ಎಸಿ ಇದೆ, ಇಲ್ಲಾ ಎಲೆಕ್ಟ್ರಿಕ್ ಸ್ಕೂಟರ್ ಬಂದಿದೆ, ಇಲ್ಲಾ ಕೂಡು ಕುಟುಂಬ. ಎಷ್ಟು ಮಿತವಾಗಿ ಬಳಸಿದರೂ 200ರ ಒಳಗೆ ಬರಲ್ಲ. ಪಿಎಂ ಸೂರ್ಯ ಘರ್ ಇವರಿಗೆ ಹೇಳಿ ಮಾಡಿಸಿದ್ದು. ಸದಾಶಿವನಗರ, ಹಿಂದವಾಡಿ, ಮಹಾಂತೇಶನಗರ, ರಾಮತೀರ್ಥನಗರ, ಎಲ್ಲೇ ಇರಲಿ, ಸ್ವಂತ ಟೆರೇಸ್ ಇದ್ದು ವರ್ಷಪೂರ್ತಿ 300ರ ಮೇಲೆ ಬಿಲ್ ಬರೋರು ಇನ್ನೂ ಹಾಕಿಸಿಲ್ಲ ಅಂದರೆ ಒಂದು ಸಲ ಗಂಭೀರವಾಗಿ ಯೋಚನೆ ಮಾಡಿ.

ಇಲ್ಲೊಂದು ಮಾತು ಕೇಳ್ತೀರಿ: "ಕೊಲ್ಹಾಪುರದಾಗ ನಮ್ಮ ಬೀಗರು ಹಾಕ್ಸ್ಯಾರ, ಅವರಿಗೆ ಭಾಳ ಛಲೋ ಆಗೈತಿ." ಆಗಿರಬಹುದು. ಅಲ್ಲಿ 100 ಯೂನಿಟ್ ದಾಟಿದ ಮೇಲೆ ದರ ಜಿಗಿಯುತ್ತೆ, ಗೃಹಜ್ಯೋತಿಯಂಥ ಯೋಜನೆ ಇಲ್ಲ. ಅಲ್ಲಿ 200 ಯೂನಿಟ್ ಬಳಸೋ ಮನೆಗೂ ಪ್ಯಾನಲ್ ಲಾಭ ಕೊಡುತ್ತೆ. ಮೇಲ್ಛಾವಣಿ ಸೋಲಾರ್‌ನಲ್ಲಿ ಗುಜರಾತ್, ಮಹಾರಾಷ್ಟ್ರ ಮುಂದಿರೋದಕ್ಕೆ ಇದೂ ಒಂದು ಕಾರಣ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಕಟ್ಟಿದ ನಮ್ಮ ರಾಜ್ಯದಲ್ಲಿ ಮನೆ ಮೇಲಿನ ಪ್ಯಾನಲ್ ಅಷ್ಟು ಕಾಣದೇ ಇರೋದಕ್ಕೂ ಇದೇ ಲೆಕ್ಕ ಒಂದು ಕಾರಣ. ಬಿಸಿಲು ಎರಡೂ ಕಡೆ ಒಂದೇ, ಬಿಲ್ ಬೇರೆ.

"ಗೃಹಜ್ಯೋತಿ ನಾಳೆ ನಿಂತರೆ?" ಅಂತ ಕೇಳೋರೂ ಇದ್ದಾರೆ. ಸರಿಯಾದ ಪ್ರಶ್ನೆ. ಪ್ಯಾನಲ್ 25 ವರ್ಷದ್ದು, ಯಾವ ಸರ್ಕಾರದ ಯೋಜನೆಯೂ ಅಷ್ಟು ವರ್ಷದ ಮಾತು ಕೊಟ್ಟಿಲ್ಲ. ಆದರೆ ತಿಂಗಳಿಗೆ 110 ಯೂನಿಟ್ ಬಳಸೋ ಮನೆ ಪೂರ್ತಿ ದುಡ್ಡು ಕೊಟ್ಟರೂ ಬಿಲ್ ಬರೋದು ಸಾವಿರದ ಆಸುಪಾಸು. ಆಗ ಬೇಕಾದದ್ದು 1 ಕಿಲೋವ್ಯಾಟ್. ನಿಮ್ಮ ಹತ್ತಿರ ಸಾಲವಿಲ್ಲದ ಉಳಿತಾಯ ಇದ್ದು, ಮುಂದಿನದಕ್ಕೆ ಈಗಲೇ ತಯಾರಾಗಬೇಕು ಅನ್ನಿಸಿದರೆ ಅದು ನಿಮ್ಮ ತೀರ್ಮಾನ. ಮುಂದಿನ ಭಯಕ್ಕೆ ಇವತ್ತು ಸಾಲ ಮಾಡಬೇಡಿ ಅನ್ನೋದಷ್ಟೇ ನನ್ನ ಮಾತು.

ಖಾನಾಪುರದ ಮಾವ

ಈಗ ನಮ್ಮ ಮಾವನ ಕಥೆ. ಅವ್ವನ ತಮ್ಮ. ಖಾನಾಪುರ ತಾಲೂಕಿನಲ್ಲಿ ಜಾಂಬೋಟಿ ಕಡೆ ಊರು. ಆ ಕಡೆಯ ಮಳೆ ನೋಡಿದವರಿಗೆ ಹೇಳಬೇಕಾಗಿಲ್ಲ. ಮಲಪ್ರಭಾ ಹುಟ್ಟೋ ಕಣಕುಂಬಿ ಅಲ್ಲೇ ಮುಂದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡಲ್ಲ. ಕರೆಂಟ್ ಲೈನ್ ಬರೋದು ಕಾಡಿನ ನಡುವೆ. ಒಂದು ಟೊಂಗೆ ಬಿದ್ದರೆ ಸಾಕು, ಊರಿಗೆ ಊರೇ ಕತ್ತಲು.

ಮಾವನಿಗೆ ಬೇಕಾಗಿದ್ದದ್ದು ಕಡಿಮೆ ಬಿಲ್ ಅಲ್ಲ. ಅವರದ್ದು ಮೊದಲೇ ಜೀರೋ ಬಿಲ್. ಅವರಿಗೆ ಬೇಕಾಗಿದ್ದದ್ದು ಮಳೆಗಾಲದ ರಾತ್ರಿ ಎರಡು ದೀಪ, ಮಗಳ ಓದಿಗೆ ಫೋನ್ ಚಾರ್ಜು. ಒಬ್ಬ ಏಜೆಂಟ್ ಬಂದ. "ಸೋಲಾರ್ ಹಾಕ್ಸ್ರಿ, ಕರೆಂಟಿನ ತ್ರಾಸ ಇರಂಗಿಲ್ಲ" ಅಂದ. ಯಾವ ಸೋಲಾರ್ ಅಂತ ಇವರು ಕೇಳಲಿಲ್ಲ, ಅವನು ಹೇಳಲಿಲ್ಲ. 3 ಕಿಲೋವ್ಯಾಟ್ ಆನ್-ಗ್ರಿಡ್ ಕೂಡಿಸಿ ಹೋದ. ಮಾವ ಸಾಲ ಮಾಡಿದ್ದರು.

ಜುಲೈನಲ್ಲಿ ಲೈನ್ ಹೋಯ್ತು. ಎರಡು ದಿನ ಬರಲಿಲ್ಲ. ಪ್ಯಾನಲ್‌ನಿಂದ ಒಂದು ಬಲ್ಬೂ ಹತ್ತಲಿಲ್ಲ. ನನಗೆ ಫೋನ್ ಮಾಡಿ ಅಂದರು: "ಏನಪಾ, ಲಕ್ಷ ರೂಪಾಯಿ ಮಾಳಿಗಿ ಮ್ಯಾಲೆ ಐತಿ, ಮನ್ಯಾಗ ಮತ್ತ ಚಿಮಣಿನ ಹಚ್ಚೀವಿ."

ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ. ಆನ್-ಗ್ರಿಡ್ ಇನ್ವರ್ಟರ್ ಇರೋದೇ ಹಾಗೆ. ಲೈನಿನಲ್ಲಿ ಕರೆಂಟ್ ಇಲ್ಲ ಅಂದರೆ ಅದು ತಾನಾಗೇ ಬಂದ್ ಆಗಬೇಕು. ಯಾಕೆ? ಲೈನ್‌ಮನ್ ಅಣ್ಣ ಕಂಬ ಹತ್ತಿ ತಂತಿ ಜೋಡಿಸ್ತಿರ್ತಾನೆ. ಆಗ ನಿಮ್ಮ ಮನೆಯ ಪ್ಯಾನಲ್ ಆ ತಂತಿಗೆ ಕರೆಂಟ್ ಬಿಟ್ಟರೆ ಅವನ ಜೀವ ಹೋಗುತ್ತೆ. ಅದಕ್ಕೇ ಈ ವ್ಯವಸ್ಥೆ. ಮಧ್ಯಾಹ್ನ 12ಕ್ಕೆ ಸುಡು ಬಿಸಿಲಿದ್ದರೂ, ಲೈನ್ ಇಲ್ಲ ಅಂದರೆ ಬ್ಯಾಟರಿ ಇಲ್ಲದ ಆನ್-ಗ್ರಿಡ್ ಕೆಲಸ ಮಾಡಲ್ಲ. ಈ ಒಂದು ವಾಕ್ಯ ಮಾವನಿಗೆ ಮೊದಲೇ ಯಾರಾದರೂ ಹೇಳಿದ್ದರೆ ಸಾಲ ಆಗ್ತಿರಲಿಲ್ಲ.

ಹಂಗಾದರೆ ಅಂಥ ಊರಿಗೆ ಏನು ಬೇಕು? ಬೇಕಾದದ್ದನ್ನು ಎಣಿಸಿ. 9 ವ್ಯಾಟ್‌ನ ಮೂರು ಎಲ್‌ಇಡಿ ಬಲ್ಬ್, 27 ವ್ಯಾಟ್. ಎರಡು ಫೋನ್ ಚಾರ್ಜು, ಒಂದು ವೈಫೈ ಡಬ್ಬಿ, ಇನ್ನೊಂದು 30 ವ್ಯಾಟ್. ಹೆಚ್ಚೆಂದರೆ 60 ವ್ಯಾಟ್. ರಾತ್ರಿ 6 ತಾಸಿಗೆ ಅರ್ಧ ಯೂನಿಟ್‌ಗಿಂತಲೂ ಕಡಿಮೆ. 12 ವೋಲ್ಟ್, 150 ಎಎಚ್‌ನ ಒಂದು ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತೆ, ಅರ್ಧ ಬಳಸಿದರೂ ಎರಡು ರಾತ್ರಿ ಸಾಗುತ್ತೆ. ಅಂದರೆ ಒಂದು ಸಾದಾ ಮನೆ ಇನ್ವರ್ಟರ್, ಒಂದು ಬ್ಯಾಟರಿ, ಅದಕ್ಕೆ ಒತ್ತಾಸೆಯಾಗಿ ಒಂದೆರಡು ಸಣ್ಣ ಪ್ಯಾನಲ್. ಲೈನ್ ಇದ್ದಾಗ ಲೈನಿನಿಂದ ಚಾರ್ಜ್, ಲೈನ್ ಹೋದಾಗ ಮೋಡದ ನಡುವೆ ಬಂದಷ್ಟು ಬಿಸಿಲಿನಿಂದ. ದಟ್ಟ ಮೋಡದ ದಿನ ಪ್ಯಾನಲ್ ಕೊಡೋದು ಬಿಸಿಲ ದಿನದ ಕಾಲು ಭಾಗ, ಕೆಲವು ದಿನ ಅದೂ ಇಲ್ಲ. ಅದಕ್ಕೇ ಆ ಊರಿಗೆ ಪ್ಯಾನಲ್‌ಗಿಂತ ಬ್ಯಾಟರಿ ಮುಖ್ಯ.

ಕರ್ನಾಟಕಕ್ಕೆ ಇದು ಹೊಸ ವಿಷಯವೂ ಅಲ್ಲ. 1995ರಲ್ಲಿ ಹರೀಶ್ ಹಂದೆ ಸೆಲ್ಕೋ ಶುರು ಮಾಡಿದಾಗ ಹಳ್ಳಿ ಮನೆಗಳಿಗೆ ಕೊಟ್ಟಿದ್ದು ಇದನ್ನೇ: ಸಣ್ಣ ಪ್ಯಾನಲ್, ಒಂದು ಬ್ಯಾಟರಿ, ನಾಲ್ಕು ದೀಪ. ಮನೆಗೆ ಏನು ಬೇಕು ಅಂತ ಮೊದಲು ಕೇಳಿ, ಆಮೇಲೆ ಅಳತೆ.

ದೊಡ್ಡ ಬಿಲ್ಲೂ ಇದೆ, ಲೈನೂ ಆಗಾಗ ಹೋಗುತ್ತೆ ಅನ್ನೋರು ಹೈಬ್ರಿಡ್ ಕೇಳಿ. ಲೈನಿಗೆ ಸೇರಿದ ಹೈಬ್ರಿಡ್‌ಗೂ ಪಿಎಂ ಸೂರ್ಯ ಘರ್ ಸಬ್ಸಿಡಿ ಸಿಗುತ್ತೆ, ಆದರೆ ಬ್ಯಾಟರಿಗೆ ಅಂತ ಪ್ರತ್ಯೇಕ ಹಣ ಇಲ್ಲ. ಲೈನೇ ಇಲ್ಲದ ಆಫ್-ಗ್ರಿಡ್‌ಗೆ ಈ ಸಬ್ಸಿಡಿ ಬರಲ್ಲ.

ಖಾನಾಪುರದ್ದು ಇನ್ನೊಂದು ಮಾತು, ಹಂಚಿನ ಮನೆ. ಹಂಚು, ಇಟ್ಟಂಗಿ, ಕುಂಬಾರಿಕೆಗೆ ಹೆಸರಾದ ಊರು ಅದು. ಹಳೇ ಹಂಚಿನ ಮೇಲೆ ನೇರವಾಗಿ ಪ್ಯಾನಲ್ ಕೂಡಿಸಕ್ಕಾಗಲ್ಲ. ಒಂದು ಪ್ಯಾನಲ್ 25 ಕಿಲೋಗಿಂತ ಹೆಚ್ಚು ತೂಗುತ್ತೆ, ಅದರ ಮೇಲೆ ಗಾಳಿಯ ಎಳೆತ. ಅಡ್ಡೆ, ತೊಲೆ ತಡೀತಾವಾ ಅಂತ ಬಡಿಗೇರರನ್ನು ಕರೆದು ನೋಡಿಸಬೇಕು. ಹಿತ್ತಲಲ್ಲಿ ನೆರಳಿಲ್ಲದ ಜಾಗ ಇದ್ದರೆ ನೆಲದ ಮೇಲೇ ಸ್ಟ್ಯಾಂಡ್ ಹಾಕಬಹುದು. ಪತ್ರಾಸ್ ಶೆಡ್ ಇದ್ದರೆ ಅದರ ಕಬ್ಬಿಣದ ಚೌಕಟ್ಟಿಗೆ ಬಿಗಿಯೋದು ಸುಲಭ.

ಸಹಿ ಹಾಕೋ ಮುಂಚೆ

ಮನೆಯಲ್ಲಿ ಪೋರ್ಟಲ್ ತೆರೆಯೋದು, ಒಟಿಪಿ ಹೇಳೋದು ಕೊನೆಗೆ ನೀವೇ ಅಲ್ವಾ? ಹಂಗಾಗಿ ಇದು ನಿಮಗೆ.

ಹೋದ 12 ತಿಂಗಳ ಬಿಲ್ ತೆಗೀರಿ. ಒಂದು ತಿಂಗಳ ಬಿಲ್ ನೋಡಿ ಅಳತೆ ಹೇಳೋ ವೆಂಡರ್‌ನನ್ನು ನಂಬಬೇಡಿ. ಮೇ ತಿಂಗಳು ಒಂದು ಹೇಳುತ್ತೆ, ಡಿಸೆಂಬರ್ ಇನ್ನೊಂದು. ವರ್ಷದ ಒಟ್ಟು ಯೂನಿಟ್ 1,400ರಿಂದ ಭಾಗಿಸಿ. ಬಂದದ್ದು ನಿಮಗೆ ಬೇಕಾದ ಕಿಲೋವ್ಯಾಟ್. ಅದಕ್ಕಿಂತ ದೊಡ್ಡದು ಬೇಡ, ಹೆಚ್ಚುವರಿ ಮಾರೋದರಲ್ಲಿ ಅಂಥ ಲಾಭ ಇಲ್ಲ.

ಟೆರೇಸ್ ಮೇಲೆ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಹೋಗಿ ಫೋಟೊ ತೆಗೀರಿ. ನೀರಿನ ಟಾಕಿ, ತೆಂಗಿನ ಮರ, ಪಕ್ಕದ ಮನೆ ಹೊಸದಾಗಿ ಎತ್ತಿದ ಮೂರನೇ ಮಹಡಿ, ಯಾವುದರ ನೆರಳು ಎಲ್ಲಿ ಬೀಳುತ್ತೆ ನೋಡಿ. ಶಹಾಪುರ, ಖಾಸಬಾಗದಂಥ ಒತ್ತೊತ್ತು ಮನೆಯ ಗಲ್ಲಿಗಳಲ್ಲಿ ದುಡ್ಡಿಗಿಂತ ದೊಡ್ಡ ಅಡ್ಡಿ ಈ ನೆರಳು. ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿ, 15 ಡಿಗ್ರಿ ಸುಮಾರು ಓರೆಯಾಗಿರಬೇಕು.

ನಿಮ್ಮ ಮಂಜೂರಾದ ಲೋಡ್ ಎಷ್ಟು ಅಂತ ಬಿಲ್‌ನಲ್ಲೇ ಇರುತ್ತೆ. 1 ಕಿಲೋವ್ಯಾಟ್ ಲೋಡ್‌ನ ಮನೆಗೆ 3 ಕಿಲೋವ್ಯಾಟ್ ಪ್ಯಾನಲ್ ಅಂದರೆ ಲೋಡ್ ಏರಿಸೋ ಮಾತು ಬರುತ್ತೆ. ಲೋಡ್ ಏರಿದರೆ ಫಿಕ್ಸ್ಡ್ ಚಾರ್ಜ್ ಏರುತ್ತೆ. ಜೊತೆಗೆ, ನೆಟ್ ಮೀಟರ್ ಬಂದ ಮೇಲೆ ನಿಮ್ಮ ಮನೆಯ ಗೃಹಜ್ಯೋತಿ ಯೂನಿಟ್ ಹೇಗೆ ಲೆಕ್ಕ ಹಾಕ್ತಾರೆ ಅಂತ ಹೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಬರೆದು ಕೇಳಿ, ಉತ್ತರ ಬರಹದಲ್ಲೇ ತಗೊಳ್ಳಿ. ಬಾಯಿಮಾತು ಬೇಡ.

ಅರ್ಜಿ ಹಾಕೋದು ಪಿಎಂ ಸೂರ್ಯ ಘರ್‌ನ ಸರ್ಕಾರಿ ಪೋರ್ಟಲ್‌ನಲ್ಲಿ ಮಾತ್ರ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. "ನೋಂದಣಿ ಫೀ 5 ಸಾವಿರ ಫೋನ್‌ಪೇ ಮಾಡಿ" ಅಂದವನ ಫೋನ್ ಇಟ್ಟುಬಿಡಿ. ವೆಂಡರ್ ಪೋರ್ಟಲ್‌ನಲ್ಲಿ ನೋಂದಾಯಿಸಿದವನೇ ಆಗಿರಬೇಕು. ಕನಿಷ್ಠ ಮೂವರ ಹತ್ತಿರ ಕೊಟೇಶನ್ ತಗೊಳ್ಳಿ. ಪ್ಯಾನಲ್ ಕಂಪನಿ, ಡಿಸಿಆರ್ ಹೌದೋ ಅಲ್ಲವೋ, ಇನ್ವರ್ಟರ್ ವಾರಂಟಿ ಎಷ್ಟು ವರ್ಷ, 5 ವರ್ಷದ ನಿರ್ವಹಣೆ, ಎಲ್ಲ ಕಾಗದದ ಮೇಲೆ ಬರಲಿ. ಈ ಯೋಜನೆಯಲ್ಲಿ 5 ವರ್ಷದ ನಿರ್ವಹಣೆ ವೆಂಡರ್‌ನ ಹೊಣೆ.

ಕೊನೆಯದು, "ಲೈನ್ ಹೋದಾಗ ಇದು ನಡೀತೈತೇನ್ರೀ?" ಅಂತ ಕೇಳಿ. ಹೌದು ಅಂದರೆ "ಬ್ಯಾಟರಿ ಎಲ್ಲೈತಿ?" ಅಂತ ಕೇಳಿ. ಈ ಎರಡು ಪ್ರಶ್ನೆಯಲ್ಲೇ ಎದುರಿನವನು ಎಂಥವನು ಅಂತ ಗೊತ್ತಾಗುತ್ತೆ.

ನಮ್ಮ ಮನೆಯಲ್ಲಿ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ಅಪ್ಪ ಪ್ಯಾನಲ್ ವಿಚಾರ ಸದ್ಯಕ್ಕೆ ಬಿಟ್ಟರು. ಅದರ ಬದಲು ನಾವಿಬ್ಬರೂ ಖಾನಾಪುರಕ್ಕೆ ಹೋಗಿ, ಮಾವನ ಇನ್ವರ್ಟರ್‌ಗೆ ಬ್ಯಾಟರಿ ಸೇರಿಸೋಕೆ ಬರುತ್ತಾ ಅಂತ ವಿಚಾರಿಸಿದೆವು. ಆ ಮಾದರಿಗೆ ಬರಲ್ಲ ಅಂತ ಗೊತ್ತಾಯ್ತು. ಕೊನೆಗೆ ಪ್ರತ್ಯೇಕವಾಗಿ ಒಂದು ಸಣ್ಣ ಇನ್ವರ್ಟರ್, ಒಂದು ಬ್ಯಾಟರಿ ತಂದು ಕೂಡಿಸಿದೆವು. ಈ ಮಳೆಗಾಲ ದೀಪ ಇದ್ದಾವೆ. ಸಾಲದ ಕಂತು ಇನ್ನೂ ನಡೀತಿದೆ.

ಮಾವ ಮೊನ್ನೆ ಫೋನಿನಲ್ಲಿ ಅಂದರು: "ನಿನ್ನ ಆ ಪಾಡ್‌ಕಾಸ್ಟಿನಾಗ ನನ್ನ ಕಥೀ ಹೇಳಪಾ. ಹೆಸರು ಹೇಳಬ್ಯಾಡ. ಮುಂದಿನವರರೆ ಕೇಳಿ ತಗೊಳ್ಳಲಿ."

ಹೇಳಿದೀನಿ. ಈ ಸಂಚಿಕೆ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಕಳಿಸಿ, ಸೋಲಾರ್ ಮೆಸೇಜ್ ಫಾರ್ವರ್ಡ್ ಮಾಡಿದ ಕಾಕಾನಿಗೆ ಮೊದಲು. ಮುಂದಿನ ವಾರ ಮತ್ತೆ ಸಿಗೋಣ. ಬರ್ತೀನ್ರೀ, ನಮಸ್ಕಾರ.